ಲೇಬಲಕ್ಕ ಕತ್ತರಿಸಿದ ಮಾತ್ರೆ

ಲೇಬಲಕ್ಕನ ಮನೆಯಲ್ಲಿ ಯಾವ ಬಟ್ಟೆಗೂ ಲೇಬಲ್ ಇಲ್ಲ. ಗಂಡನ ಅಂಗಿ, ಮಗಳ ಫ್ರಾಕು, ಟವೆಲ್ಲು, ಕೊನೆಗೆ ಬಾಗಿಲ ಪರದೆ ಕೂಡ ಅಂಗಡಿಯಿಂದ ಬಂದ ದಿನವೇ ಆಕೆಯ ಕೈಗೆ ಸಿಗುತ್ತವೆ. ಕೈಚೀಲದಿಂದ ಸಣ್ಣ ಬ್ಲೇಡು ತೆಗೆದು, ನಾಲ್ಕು ಹೊಲಿಗೆ ಬಿಡಿಸಿ, ಕಿತ್ತು ಬುಟ್ಟಿಗೆ ಹಾಕಿದರೆ ಆಕೆಗೆ ಸಮಾಧಾನ. ಗಂಡನಿಗೆ ಕತ್ತಿನ ಹಿಂದೆ ಚುಚ್ಚುತ್ತದೆ ಎನ್ನುವುದು ಹೇಳಿಕೊಳ್ಳುವ ಕಾರಣ. ದಿನಕ್ಕೆ ಎಂಟು ಗಂಟೆ ಲೇಬಲ್ ಹೊಲಿದು ಬಂದವಳಿಗೆ ಮನೆಯಲ್ಲೂ ಅದರ ಮುಖ ನೋಡುವುದು ಬೇಡ ಎನ್ನುವುದು ನಿಜವಾದ ಕಾರಣ.

ಊರಂಚಿನ ಗಾರ್ಮೆಂಟ್ ಫ್ಯಾಕ್ಟರಿಯ ಎರಡನೇ ಮಹಡಿಯಲ್ಲಿ, ಕಿಟಕಿಯಿಂದ ಮೂರನೇ ಮೆಷಿನ್ನು ಆಕೆಯದು. ಹತ್ತೊಂಬತ್ತು ವರ್ಷದಿಂದ ಅದೇ ಜಾಗ. ಒಬ್ಬಳು ತೋಳು ಕೂಡಿಸುತ್ತಾಳೆ, ಒಬ್ಬಳು ಕಾಲರ್ ತಿರುಗಿಸುತ್ತಾಳೆ, ಇನ್ನೊಬ್ಬಳು ಗುಂಡಿ ಹಾಕುತ್ತಾಳೆ. ಈಕೆ ಕಾಲರಿನ ಒಳಗೆ ಹೆಬ್ಬೆರಳಗಲದ ಪಟ್ಟಿ ಇಟ್ಟು ಸುತ್ತ ಹೊಲಿಗೆ ಓಡಿಸುತ್ತಾಳೆ. ಅದಕ್ಕೇ ಆ ಹೆಸರು. ಬೆಳಗ್ಗೆ ಸೂಪರ್‌ವೈಸರ್ ಒಂದು ಡಬ್ಬಿ ಲೇಬಲ್ ತಂದು ಕುಕ್ಕಿ ಹೋಗುತ್ತಾನೆ, ಊಟವಾದ ಮೇಲೆ ಇನ್ನೊಂದು ಡಬ್ಬಿ. ಒಂದೇ ಥಾನಿನ ಬಟ್ಟೆ, ಒಂದೇ ಕತ್ತರಿ, ಒಂದೇ ದಾರ. ಬೆಳಗಿನ ಅಂಗಿ ಗಾಜಿನ ಬಾಗಿಲಿನ ಅಂಗಡಿಗೆ ಹೋಗುತ್ತದೆ, ಮಧ್ಯಾಹ್ನದ ಅಂಗಿ ಬೀದಿ ಬದಿಗೆ. ಬೆಲೆ ಒಂದಕ್ಕೆ ಐದು ಪಟ್ಟು. ಹೊಸದಾಗಿ ಸೇರಿದ ಹುಡುಗಿಯರು, "ಅಕ್ಕಾ, ಇದೂ ಅದೂ ಒಂದೇ ಅಲ್ವಾ?" ಎಂದು ಕಣ್ಣರಳಿಸಿ ಕೇಳಿದರೆ ಆಕೆ ತಲೆ ಎತ್ತದೆ ಹೇಳುತ್ತಾಳೆ: "ಅಂಗಿ ಒಂದೇ ಕಣ್ರೇ. ಸೊಕ್ಕು ಬೇರೆ."

ಇಷ್ಟೆಲ್ಲ ಬಲ್ಲ ಹೆಂಗಸೇ ಮೆಡಿಕಲ್ ಶಾಪಿನಲ್ಲಿ ಮೋಸ ಹೋದದ್ದು. ಮೋಸ ಎಂಬ ಪದವನ್ನು ಬೇಕೆಂದೇ ಬರೆಯುತ್ತಿದ್ದೇನೆ. ಕಾನೂನಿನ ಪ್ರಕಾರ ಅದು ಮೋಸವಲ್ಲವಂತೆ. ಇರಲಿ, ಕಾನೂನಿಗೆ ಅದರ ಪದ, ನನಗೆ ನನ್ನದು.

ಗಂಡ ಸಿಟಿ ಬಸ್ಸಿನ ಡ್ರೈವರು. ಇಪ್ಪತ್ತಮೂರು ವರ್ಷ ಸ್ಟೇರಿಂಗ್ ಹಿಡಿದ ಮನುಷ್ಯ. ಊಟದ ತಟ್ಟೆಯನ್ನೂ ಎರಡು ಕೈಯಲ್ಲಿ ಹಿಡಿದು ಸ್ವಲ್ಪ ಎಡಕ್ಕೆ ತಿರುಗಿಸಿಯೇ ಕೂರುತ್ತಾನೆ. ಎರಡು ವರ್ಷದ ಹಿಂದೆ ಬಿ.ಪಿ. ಬಂತು. ಡಾಕ್ಟರು ದಿನಕ್ಕೊಂದು ಮಾತ್ರೆ ಬರೆದರು, ಆಸ್ಪತ್ರೆಯ ಎದುರಿನ ಅಂಗಡಿಯಲ್ಲಿ ನೀಲಿ ಪೆಟ್ಟಿಗೆಯ ಮಾತ್ರೆ ಸಿಕ್ಕಿತು. ಮೊದಮೊದಲು ಹೇಗೋ ನಡೆಯಿತು. ಆಮೇಲೆ ಪೆಟ್ಟಿಗೆಯ ಬಣ್ಣ ಅದೇ ಇತ್ತು, ಬೆಲೆ ಮಾತ್ರ ಮೆಟ್ಟಿಲು ಹತ್ತುತ್ತ ಹೋಯಿತು. ಕೊನೆಗೊಂದು ದಿನ ತಿಂಗಳ ಮಾತ್ರೆಗೆ ಆಕೆಯ ಒಂಬತ್ತು ದಿನದ ಕೂಲಿ ಹೋಗುವ ಹಾಗಾಯಿತು.

ಅಗ್ಗದ ದಾರಿ ಒಂದು ಫ್ಯಾಕ್ಟರಿ ಗೇಟಿನಲ್ಲೇ ನಿಂತಿತ್ತು. ಸೈಕಲ್ ಹ್ಯಾಂಡಲಿಗೆ ಚೀಲ ನೇತುಹಾಕಿಕೊಂಡ ಒಬ್ಬ, ಚೀಟಿ ಬೇಡ, ಬಿಲ್ಲು ಬೇಡ, ಅರ್ಧ ಬೆಲೆ ಎನ್ನುತ್ತಿದ್ದ. ಲೇಬಲಕ್ಕ ಒಂದು ಸ್ಟ್ರಿಪ್ ಎತ್ತಿ ಬೆಳಕಿಗೆ ಹಿಡಿದು ನೋಡಿದಳು. ತಾರೀಕು ಇರಬೇಕಾದ ಕಡೆ ಉಗುರಿನಲ್ಲಿ ಕೆರೆದ ಗುರುತು.

"ತಾರೀಕು ಎಲ್ಲಪ್ಪಾ?"

"ಉಜ್ಜಿ ಉಜ್ಜಿ ಹೋಗಿರುತ್ತೆ ಅಕ್ಕಾ. ಒಳಗಿರೋ ಮಾತ್ರೆ ಫ್ರೆಶ್ಶು."

"ಹತ್ತೊಂಬತ್ತು ವರ್ಷದಿಂದ ಲೇಬಲ್ ಕೀಳೋದೂ ಹಚ್ಚೋದೂ ಮಾಡ್ತಿದೀನಿ. ತಾನಾಗೇ ಹೋಗಿದ್ದು ಯಾವುದು, ನೀನು ಕೆರೆದಿದ್ದು ಯಾವುದು ಅಂತ ನಂಗೆ ಗೊತ್ತಾಗಲ್ವಾ? ಹೋಗು, ನಿಮ್ಮಪ್ಪನಿಗೆ ತಿನ್ನಿಸು."

ಬೈದು ಕಳಿಸಿದ್ದೇನೋ ಆಯಿತು. ಮನೆಗೆ ಬಂದು ನೋಡಿದರೆ ಪೆಟ್ಟಿಗೆಯಲ್ಲಿ ಹತ್ತೇ ಮಾತ್ರೆ, ಸಂಬಳಕ್ಕೆ ಇಪ್ಪತ್ತು ದಿನ. ಆಗ ಆಕೆ ತನಗೆ ಗೊತ್ತಿದ್ದ ಕೆಲಸ ಮಾಡಿದಳು. ಬಟ್ಟೆ ಸಾಲದಿದ್ದರೆ ದರ್ಜಿ ಏನು ಮಾಡುತ್ತಾನೆ? ಕತ್ತರಿಸಿ ಹೊಂದಿಸುತ್ತಾನೆ. ಮಾತ್ರೆಯನ್ನು ಮಣೆಯ ಮೇಲಿಟ್ಟು, ನಡುವೆ ಬ್ಲೇಡಿನ ಅಂಚು ಕೂರಿಸಿ, ಹೆಬ್ಬೆರಳಿನಲ್ಲಿ ಒಮ್ಮೆ ಒತ್ತಿದಳು. ಎರಡು ಹೋಳು, ಒಂದು ನೂಲಿನಷ್ಟೂ ಹೆಚ್ಚುಕಮ್ಮಿಯಿಲ್ಲ.

ಗಂಡ ಕೇಳಿದ: "ಇದೇನೇ, ಚಂದ್ರ ಅರ್ಧ ಆಗಿದಾನೆ?"

"ಡಾಕ್ಟ್ರು ಇನ್ಮೇಲೆ ಅರ್ಧ ಸಾಕು ಅಂದ್ರು."

"ಓಹೋ! ಹಾಗಾದ್ರೆ ನಾನು ಹುಷಾರಾಗ್ತಿದೀನಿ ಅನ್ನು," ಎಂದು ಆತ ಖುಷಿಯಿಂದ ನುಂಗಿದ.

ಹಾಗೇ ಎರಡು ತಿಂಗಳು. ಮೂರನೇ ತಿಂಗಳಲ್ಲಿ ಒಂದು ಬೆಳಗ್ಗೆ ಡ್ರೈವರು ಮಾರುಕಟ್ಟೆ ಸ್ಟಾಪಿನಲ್ಲಿ ಬಸ್ಸು ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಸ್ಟೇರಿಂಗ್ ಮೇಲೆ ಹಣೆ ಇಟ್ಟ. ತಲೆ ಗಿರ್ರನೆ ತಿರುಗಿತ್ತು. ನಿಂತ ಬಸ್ಸಿನಲ್ಲಿ ಆಯಿತು ಎಂಬುದೊಂದು ಪುಣ್ಯ. ಡಿಪೋದವರು ಕೀಲಿ ಕಸಿದುಕೊಂಡು ಆಫೀಸಿನ ಮೂಲೆಯಲ್ಲಿ ಕೂರಿಸಿದರು. ಆರು ವಾರ ಬಿಟ್ಟು ಮೆಡಿಕಲ್ ಪರೀಕ್ಷೆ. ಬಿ.ಪಿ. ಹತೋಟಿಯಲ್ಲಿದ್ದರೆ ಮತ್ತೆ ಬಸ್ಸು, ಇಲ್ಲದಿದ್ದರೆ ರಿಟೈರ್ ಆಗುವ ತನಕ ಬಸ್ಸು ತೊಳೆಯುವ ಅಂಗಳ. ಸಂಬಳ ಕಮ್ಮಿಯಾಗುತ್ತದೆ ಎಂದು ಆತ ಹೆದರಲಿಲ್ಲ. "ಬೇರೆಯವರು ಓಡಿಸೋ ಬಸ್ಸಿನ ಕೆಸರು ನಾನು ತೊಳೀಬೇಕಾ?" ಎಂದು ಒಂದು ಸಲ ಕೇಳಿದ. ಆಮೇಲೆ ಊಟದ ತಟ್ಟೆಯನ್ನು ಎಡಕ್ಕೆ ತಿರುಗಿಸುವುದನ್ನೂ ಬಿಟ್ಟ.

ಡಾಕ್ಟರು ಬಿ.ಪಿ. ಅಳೆದು ಹುಬ್ಬೇರಿಸಿದರು. ದಿನಕ್ಕೊಂದು ಮಾತ್ರೆ ತಿಂದೂ ಇಷ್ಟಿದೆ ಎಂದರೆ ಇದೊಂದೇ ಸಾಲದು ಎಂದು ಇನ್ನೊಂದು ಮಾತ್ರೆ ಸೇರಿಸಿ ಬರೆದರು. ಗಂಡನ ಎದುರಿಗೆ ಅಕ್ಕ ಬಾಯಿ ಬಿಡಲಿಲ್ಲ. ಎದುರಿನ ಅಂಗಡಿಯಲ್ಲಿ ಎರಡರ ಬೆಲೆ ಕೇಳಿ, ಚೀಟಿ ಮಡಚಿ ಕೈಚೀಲದಲ್ಲಿಟ್ಟುಕೊಂಡು ಮನೆಗೆ ಬಂದಳು.

ಮಾರನೆಯ ದಿನ ಅರ್ಧ ದಿನ ರಜೆ ಹಾಕಿ ಒಬ್ಬಳೇ ಆಸ್ಪತ್ರೆಗೆ ಹೋದಳು. ಸಣ್ಣ ಡಬ್ಬಿಯಲ್ಲಿ ಉಳಿದ ಹದಿನಾರು ಹೋಳುಗಳಿದ್ದವು. ಎರಡೆರಡು ಸೇರಿಸಿ ಒಂದೆಂದು ನುಂಗಿಸಿದರೆ ಆಗುತ್ತದೆಯೇ ಎಂದು ಯಾರನ್ನಾದರೂ ಕೇಳಬೇಕಿತ್ತು. ಎದುರಿನ ಅಂಗಡಿಯವನು, "ಕತ್ತರಿಸಿದ್ದು ವಾಪಸ್ ತಗೊಳಲ್ಲ," ಎಂದು ಮುಂದಿನ ಗಿರಾಕಿಯ ಕಡೆ ತಿರುಗಿದ. ಆಸ್ಪತ್ರೆಯ ಹಿಂಭಾಗದಲ್ಲಿ, ಲಾಂಡ್ರಿ ಕೋಣೆ ದಾಟಿದ ಮೇಲೆ, ಆಸ್ಪತ್ರೆಯದೇ ಒಂದು ಔಷಧಿ ಅಂಗಡಿ ಇದೆ. ಬೋರ್ಡು ಅಂಗೈಯಗಲ. ಅದು ಜನರಿಗೆ ಕಾಣಬೇಕೆಂದು ಹಾಕಿದ್ದೋ, ಕಾಣಬಾರದೆಂದು ಹಾಕಿದ್ದೋ ನನಗಂತೂ ಗೊತ್ತಾಗಿಲ್ಲ. ಎರಡು ವರ್ಷ ಅದೇ ಆಸ್ಪತ್ರೆಗೆ ಓಡಾಡಿದರೂ ಆಕೆ ಅತ್ತ ಹೋಗಿದ್ದು ಅಂದೇ ಮೊದಲು.

ಒಳಗೆ ಕೌಂಟರಿನ ಹಿಂದೆ ಔಷಧಿ ಮೇಡಮ್ ಕೂತಿದ್ದರು. ತಲೆ ನರೆತ, ಕನ್ನಡಕಕ್ಕೆ ದಾರ ಕಟ್ಟಿಕೊಂಡ ಹೆಂಗಸು. ಅಕ್ಕ ಗಂಡನ ಬಿ.ಪಿ., ತಲೆಸುತ್ತು ಎಲ್ಲ ಹೇಳಿ ಡಬ್ಬಿಯನ್ನೂ ಚೀಟಿಯನ್ನೂ ಮುಂದಿಟ್ಟಳು. ಅವರು ಡಬ್ಬಿ ತೆರೆದು ಒಂದು ಹೋಳನ್ನು ಅಂಗೈ ಮೇಲಿಟ್ಟುಕೊಂಡರು.

"ಯಾರಮ್ಮಾ ಇದನ್ನ ಕತ್ತರಿಸಿದ್ದು?"

"ನಾನೇ, ಮೇಡಮ್."

"ಮೂವತ್ತು ವರ್ಷದಲ್ಲಿ ಇಷ್ಟು ನೀಟಾಗಿ ಕತ್ತರಿಸಿದ್ದು ನೋಡಿಲ್ಲ."

ಆ ಸಂಕಟದಲ್ಲೂ ಅಕ್ಕನಿಗೆ ಒಂದು ಚಿಟಿಕೆ ಹೆಮ್ಮೆಯಾಯಿತು. ಅದು ಎರಡನೇ ಮಾತಿನವರೆಗೂ ಉಳಿಯಲಿಲ್ಲ.

"ಇಷ್ಟು ನೀಟಾಗಿ ಗಂಡನ್ನ ಕೊಲ್ಲೋಕೆ ಹೊರಟವಳನ್ನೂ ನೋಡಿಲ್ಲ! ಏನು ಕೆಲಸ ಮಾಡ್ತೀಯಾ?"

"ಗಾರ್ಮೆಂಟಲ್ಲಿ ಹೊಲಿಗೆ."

"ಸರಿ. ದಿಂಬಿನ ಹೊಲಿಗೆ ಬಿಚ್ಚಿದ್ರೆ ಹತ್ತಿ ಏನಾಗುತ್ತೆ?"

"ಹೊರಗೆ ಬರುತ್ತೆ."

"ಇದೂ ಅಷ್ಟೇ. ಇದು ದಿನವಿಡೀ ಒಂದೊಂದೇ ಚೂರು ಬಿಡೋ ಮಾತ್ರೆ. ಮೇಲಿರೋ ಪದರ ಅದನ್ನ ಹಿಡಿದಿಟ್ಟಿರುತ್ತೆ. ನೀನು ನಡುವೆ ಸೀಳಿದೆ. ಬೆಳಗ್ಗೆ ಅಷ್ಟೂ ಒಂದೇ ಸಲ ಹೊರಗೆ ಬಿತ್ತು, ಮನುಷ್ಯನಿಗೆ ತಲೆ ತಿರುಗ್ತು. ಸಾಯಂಕಾಲಕ್ಕೆ ಹೊಟ್ಟೇಲಿ ಏನೂ ಉಳೀಲಿಲ್ಲ, ಬಿ.ಪಿ. ಏರ್ತು. ಕೆಲವು ಮಾತ್ರೆ ಅರ್ಧ ಮಾಡಬಹುದು, ಕೆಲವು ಮಾಡಬಾರದು. ಒಂದು ಮಾತು ಕೇಳೋಕೇನು ನಿಂಗೆ?"

ಆಕೆ ತಲೆ ತಗ್ಗಿಸಿ ನಿಂತಳು. ಒಂದೇ ಮದ್ದಿಗೆ ಊರ ತುಂಬ ಬೇರೆ ಬೇರೆ ಬೆಲೆ ಕಟ್ಟಿದವರು ನೆಮ್ಮದಿಯಾಗಿ ಊಟ ಮಾಡಿ ಮಲಗುತ್ತಾರೆ. ಬೆಲೆಗೆ ಹೆದರಿ ಅರ್ಧ ಮಾಡಿದ ಹೆಂಗಸು ಮಾತ್ರ ಹೀಗೆ ತಲೆ ತಗ್ಗಿಸಬೇಕು. ಆಕೆ ಮಾಡಿದ್ದು ತಪ್ಪೇ, ಮುಚ್ಚಿಡುವುದಿಲ್ಲ. ಆದರೆ ಆ ಬ್ಲೇಡನ್ನು ಕೈಗೆ ಕೊಟ್ಟವರು ಯಾರೆಂದು ಒಬ್ಬರಾದರೂ ಕೇಳಬೇಡವೇ?

ಔಷಧಿ ಮೇಡಮ್ ಕೇಳಿದರು, ಅದು ಅವರ ದೊಡ್ಡತನ. "ದುಡ್ಡು ಸಾಲಲಿಲ್ವಾ?" ಎಂದರು ದನಿ ತಗ್ಗಿಸಿ. ಅಕ್ಕ ತಲೆಯಾಡಿಸಿದಳು. ಮೇಡಮ್ ಕಪಾಟಿನಿಂದ ಎರಡು ಸ್ಟ್ರಿಪ್ ತಂದು ಪಕ್ಕಪಕ್ಕ ಇಟ್ಟರು. ಒಂದು ಗೊತ್ತಿದ್ದ ನೀಲಿ, ಇನ್ನೊಂದು ಅಂದಚೆಂದವಿಲ್ಲದ ಬಿಳಿ.

"ಮೇಲಿನ ದೊಡ್ಡಕ್ಷರ ಬಿಡು. ಕೆಳಗಿರೋ ಸಣ್ಣಕ್ಷರ ಓದು."

ಸಣ್ಣಕ್ಷರ ಓದುವುದು ಆಕೆಗೆ ಹೇಳಿಕೊಡಬೇಕಾದ್ದೇ? ಒಗೆಯುವ ಸೂಚನೆಯ ಪಟ್ಟಿಗಳನ್ನು ಕಣ್ಣು ಕಿರಿದು ಮಾಡಿ ನೋಡಿ ಪಳಗಿದವಳು. ಬೆರಳಿಟ್ಟು ಅಕ್ಷರಕ್ಕೆ ಅಕ್ಷರ ಹೊಂದಿಸುತ್ತ ಹೋದಳು. ಮದ್ದಿನ ಹೆಸರು ಒಂದೇ. ತೂಕ ಒಂದೇ. ನಿಧಾನವಾಗಿ ಬಿಡುವಂಥದ್ದು ಎಂಬ ಗುರುತೂ ಒಂದೇ. ಬೆಲೆ ಐದರಲ್ಲಿ ಒಂದು ಪಾಲು. ಕೌಂಟರಿನ ಪಕ್ಕದ ಬೆಂಚಿನ ಮೇಲೆ ಕುಸಿದು ಕೂತು ಲೇಬಲಕ್ಕ ನಗತೊಡಗಿದಳು. ನಗುತ್ತ ನಗುತ್ತ ಕಣ್ಣಲ್ಲಿ ನೀರು ಬಂತು.

"ಏನಾಯ್ತಮ್ಮಾ?"

"ಏನಿಲ್ಲ ಮೇಡಮ್. ಇದು ಬೆಳಗಿನ ಡಬ್ಬಿ, ಇದು ಮಧ್ಯಾಹ್ನದ ಡಬ್ಬಿ. ನನ್ನ ಕೈಯಾರೆ ಹೊಲಿಯೋ ಆಟ ಇದು. ಇಲ್ಲಿಗೆ ಬಂದು ನಾನೇ ಬೆಳಗಿನದಕ್ಕೆ ದುಡ್ಡು ಸುರೀತಿದ್ದೆ ನೋಡಿ."

ದೀಪದ ಬುಡದಲ್ಲಿ ಕತ್ತಲೆ ಎಂದು ಸುಮ್ಮನೆ ಹೇಳಿಲ್ಲ.

ಆದರೂ ಮೇಡಮ್ ಅಂದೇ ಮಾತ್ರೆ ಕೊಡಲಿಲ್ಲ. ಚೀಟಿಯಲ್ಲಿ ಕಂಪನಿಯ ಹೆಸರಿತ್ತು, ಅದನ್ನು ತಾವು ಬದಲಾಯಿಸುವ ಹಾಗಿಲ್ಲ ಎಂದರು. "ಡಾಕ್ಟ್ರ ಹತ್ರ ಹೋಗು. ಮದ್ದಿನ ಹೆಸರೇ ಬರೆಸ್ಕೊಂಡು ಬಾ. ಮೊದಲು ಕತ್ತರಿಸಿದ್ದನ್ನ ಹೇಳು. ಎಲ್ಲೇ ತಗೊಂಡ್ರೂ ಬಿಲ್ ಕೇಳು, ತಾರೀಕು ನೋಡು. ಹೋಗು, ಅಳ್ತಾ ಕೂರಬೇಡ, ಅವರು ಊಟಕ್ಕೆ ಎದ್ದುಬಿಡ್ತಾರೆ."

ಡಾಕ್ಟರ ಬಾಗಿಲಲ್ಲಿ ನಲವತ್ತು ಜನ. ಸರದಿ ಬಂದಾಗ ಅಕ್ಕ ಕೂರದೆ, ನಿಂತೇ ಎಲ್ಲ ಹೇಳಿದಳು. ಡಾಕ್ಟರು ಪೆನ್ನು ಕೆಳಗಿಟ್ಟರು.

"ಎರಡು ತಿಂಗಳಿಂದ ಅರ್ಧಾನಾ? ನಾನು ಪೂರ್ತಿ ತಗೊಂಡೂ ಏರಿದೆ ಅಂತ ತಿಳ್ಕೊಂಡು ಇನ್ನೊಂದು ಬರೆದೆನಲ್ಲಮ್ಮಾ! ಅದೂ ಇದೂ ಸೇರಿದ್ರೆ ಏನಾಗ್ತಿತ್ತು ಗೊತ್ತಾ?" ಚೀಟಿ ಕಿತ್ತುಕೊಂಡು ಎರಡನೇ ಮಾತ್ರೆಯನ್ನು ಹೊಡೆದುಹಾಕಿದರು. "ಮೊದಲಿನದೇ ಪೂರ್ತಿ ಕೊಡು. ವಾರಕ್ಕೊಂದು ಸಲ ಬಿ.ಪಿ. ನೋಡಿಸು."

"ಡಾಕ್ಟ್ರೇ, ಕಂಪನಿ ಹೆಸರು ಬೇಡ. ಮದ್ದಿನ ಹೆಸರು ಬರೆದುಕೊಡಿ."

"ಯಾಕೆ, ನನ್ನ ಮೇಲೆ ನಂಬಿಕೆ ಇಲ್ವಾ?"

"ನಂಬಿಕೆ ಬೇಕಾದಷ್ಟಿದೆ. ದುಡ್ಡಿಲ್ಲ."

ಡಾಕ್ಟರು ನಕ್ಕರು. ಒಳ್ಳೆಯ ಮನುಷ್ಯರೇ. ಬರೆಯುತ್ತ, "ಯಾರೂ ಬಾಯಿಬಿಟ್ಟು ಕೇಳೋದೇ ಇಲ್ಲಮ್ಮಾ," ಎಂದರು. ಈ ಮಾತನ್ನು ಕೇಳಿದಾಗಿನಿಂದ ನನಗೆ ಸಿಟ್ಟು ಇಳಿದಿಲ್ಲ. ಕೇಳದವರಿಗೆ ಹೇಳಬಾರದು ಎಂದು ಯಾವ ಪುಸ್ತಕದಲ್ಲಿ ಬರೆದಿದೆ ಸ್ವಾಮೀ? ಜ್ವರ ಬಂದವನು ಕಾನೂನು ಓದಿಕೊಂಡು ಬರಬೇಕೇ?

ಅಂತೂ ಬಿಳಿ ಮಾತ್ರೆ ಮನೆಗೆ ಬಂತು, ಬಿಲ್ಲಿನ ಸಮೇತ. ಅರ್ಧ ಯುದ್ಧ ಗೆದ್ದೆ ಎಂದುಕೊಂಡಿದ್ದಳು ಅಕ್ಕ. ಉಳಿದರ್ಧ ಅಡಿಗೆಮನೆಯ ಮೇಜಿಗೆ ಮೊಣಕೈ ಊರಿ ಕೂತಿತ್ತು.

"ಎಷ್ಟು ಕೊಟ್ಟೆ?" ಗಂಡ ಸ್ಟ್ರಿಪ್ಪನ್ನು ತಿರುವಿ ನೋಡಿದ. ಆಕೆ ಹೇಳಿದಳು.

"ಅಷ್ಟೇನಾ? ಅಷ್ಟಕ್ಕೆ ಪೆಪ್ಪರ್‌ಮಿಂಟೂ ಬರಲ್ಲ ಕಣೇ! ನನ್ನ ಕೆಲಸ ಹೋಗೋ ಹೊತ್ತಲ್ಲಿ ಉಳಿತಾಯ ಮಾಡೋಕೆ ಹೊರಟಿದೀಯಾ?"

"ಅದೇ ಮದ್ದು ರೀ. ಮೇಲಿನ ಹೆಸರು ಬೇರೆ ಅಷ್ಟೇ."

"ಬಸ್ಸಿಗೆ ಡೀಸೆಲ್ ಬದಲು ಸೀಮೆಎಣ್ಣೆ ಹಾಕಿ, ಎರಡೂ ಎಣ್ಣೇನೇ ಅಂದ ಹಾಗಾಯ್ತು ಇದು. ನಂಗೆ ಬೇಡ. ಇನ್ನೈದು ವಾರ ಉಳಿದಿದೆ. ನೀಲಿ ಪೆಟ್ಟಿಗೇದೇ ತಾ."

ಆತನನ್ನು ಮೂರ್ಖನೆಂದು ತಳ್ಳಿಹಾಕುವಂತಿಲ್ಲ. ಒಂದೇ ಪರೀಕ್ಷೆ, ಒಂದೇ ಅವಕಾಶ. ದುಬಾರಿಯಾದದ್ದೇ ಒಳ್ಳೆಯದು ಎಂದು ನಮಗೆಲ್ಲ ತೊಟ್ಟಿಲಲ್ಲೇ ಕಲಿಸಿದ್ದಾರೆ. ಕಲಿಸಿದವರು ಯಾರು ಎಂದರೆ, ಮಾರುವವರು.

ಮಾರನೆಯ ಬೆಳಗ್ಗೆ ಆಕೆ ಎಲ್ಲರಿಗಿಂತ ಮೊದಲೆದ್ದಳು. ಕಪಾಟಿನಲ್ಲಿ ಹಳೆಯ ನೀಲಿ ಪೆಟ್ಟಿಗೆ ಖಾಲಿ ಬಿದ್ದಿತ್ತು. ಕೈ ಅದರ ಮೇಲೆ ಹೋಯಿತು. ಬಿಳಿ ಸ್ಟ್ರಿಪ್ಪಿನಿಂದ ಒಂದೊಂದೇ ಮಾತ್ರೆ ಬಿಡಿಸಿ, ಸಣ್ಣ ಡಬ್ಬಿಗೆ ಸುರಿದು, ನೀಲಿ ಪೆಟ್ಟಿಗೆಯನ್ನು ಪಕ್ಕದಲ್ಲಿ ನಿಲ್ಲಿಸಿದರೆ ಸಾಕು. ಯಾರಿಗೂ ಕೇಡಿಲ್ಲ. ಗಂಡನಿಗೆ ಧೈರ್ಯ, ಮನೆಗೆ ಉಳಿತಾಯ, ಮದ್ದು ಹೇಗೂ ಅದೇ. ಹತ್ತೊಂಬತ್ತು ವರ್ಷ ಆಕೆಯ ಕೈ ಮಾಡಿದ್ದಾದರೂ ಇನ್ನೇನು? ಕಣ್ಣು ಮುಚ್ಚಿಕೊಂಡೇ ಮಾಡಬಲ್ಲಳು.

ಪೆಟ್ಟಿಗೆಯನ್ನು ಹಿಡಿದುಕೊಂಡು ಬಹಳ ಹೊತ್ತು ನಿಂತಿದ್ದೆ ಎಂದು ಆಕೆಯೇ ನನಗೆ ಹೇಳಿದ್ದು. "ಅಲ್ಲಿ ಸುಳ್ಳು ಹೊಲಿಯೋಕೆ ಸಂಬಳ ಕೊಡ್ತಾರೆ. ಮನೇಲೂ ಹೊಲೀಲಾ? ಒಂದು ಆಗ್ಲೇ ಹೊಲಿದಿದ್ದೆ, ಅರ್ಧ ಸಾಕು ಅಂತ. ಅದೇ ಬಿಚ್ಚೋಕೆ ಆಗ್ತಿರಲಿಲ್ಲ."

ಗಂಡ ಮುಖ ತೊಳೆದು ಬಂದಾಗ ಮೇಜಿನ ಮೇಲೆ ಎಲ್ಲ ಸಾಲಾಗಿತ್ತು. ಖಾಲಿ ನೀಲಿ ಪೆಟ್ಟಿಗೆ, ಬಿಳಿ ಸ್ಟ್ರಿಪ್ಪು, ಹದಿನಾರು ಹೋಳುಗಳ ಡಬ್ಬಿ.

"ರೀ, ಡಾಕ್ಟ್ರು ಅರ್ಧ ಸಾಕು ಅಂದಿರಲಿಲ್ಲ. ನಾನೇ ಕತ್ತರಿಸಿದ್ದು. ಅದನ್ನ ಕತ್ತರಿಸಬಾರದಂತೆ. ನಿಮಗೆ ತಲೆ ತಿರುಗಿದ್ದು ನನ್ನಿಂದ."

ಆತ ಡಬ್ಬಿ ತೆರೆದು ಒಂದು ಹೋಳನ್ನು ಬೆರಳಲ್ಲಿ ಎತ್ತಿ ನೋಡಿದ. ಬೈಗುಳಕ್ಕೆ ಆಕೆ ಸಿದ್ಧಳಾಗಿದ್ದಳು.

"ಅಂದ್ರೆ... ಕೆಟ್ಟಿದ್ದು ನನ್ನ ತಲೆ ಅಲ್ಲ?"

"ಅಲ್ಲ."

"ಮಾತ್ರೆ ಅರ್ಧ ಆಗಿದ್ದಕ್ಕೆ ಅಷ್ಟೇನಾ?"

"ಅಷ್ಟೇ ಅಂತ ಆಸ್ಪತ್ರೆ ಔಷಧಿ ಮೇಡಮ್ಮೇ ಹೇಳಿದ್ರು."

ಡ್ರೈವರು ಎದೆಯಿಂದ ಉಸಿರು ಹೊರಹಾಕಿ ಕುರ್ಚಿಗೆ ಒರಗಿದ. "ಅಯ್ಯೋ ಮಾರಾಯ್ತಿ! ವಾರದಿಂದ ನಾನು ಮುಗಿದೋದೆ, ನನ್ನ ಕಥೆ ಮುಗೀತು ಅಂದ್ಕೊಂಡು ರಾತ್ರಿಯೆಲ್ಲ ಸೂರು ನೋಡ್ತಾ ಮಲಗಿದೀನಿ. ಮೊದಲೇ ಹೇಳೋಕೆ ನಿನ್ನ ಗಂಟೇನು ಹೋಗ್ತಿತ್ತು?" ಆಮೇಲೆ ಬೈದ, ಚೆನ್ನಾಗಿಯೇ ಬೈದ. ಆದರೆ ಆ ಬೈಗುಳದಲ್ಲಿ ವಾರದ ಮೇಲೆ ಮೊದಲ ಸಲ ಆತನ ಹಳೆಯ ದನಿ ಕೇಳಿಸಿತು.

ಬೈದು ಮುಗಿದ ಮೇಲೆ ಬಿಳಿ ಸ್ಟ್ರಿಪ್ಪಿನ ಕಡೆ ಗದ್ದ ಎತ್ತಿ, "ಅದು ಇರಲಿ, ಇದು ಕೆಲಸ ಮಾಡುತ್ತೆ ಅನ್ನೋದಕ್ಕೆ ಏನು ಗ್ಯಾರಂಟಿ?" ಎಂದ.

"ನಿಮ್ಮ ಅಂಗಿ ಲೇಬಲ್ ಇಷ್ಟು ವರ್ಷದಿಂದ ಕಿತ್ತು ಹಾಕ್ತಿದೀನಲ್ಲ, ಒಂದು ದಿನಾನಾದ್ರೂ ಅಂಗಿ ಇಲ್ದೆ ಡ್ಯೂಟಿಗೆ ಹೋಗಿದೀರಾ? ನನ್ನ ಮಾತು ಬೇಡ, ಮೆಷಿನ್ ಮಾತು ನಂಬಿ. ಶನಿವಾರ ಶನಿವಾರ ಔಷಧಿ ಮೇಡಮ್ ಬಿ.ಪಿ. ನೋಡ್ತಾರೆ. ಇಳೀಲಿಲ್ಲ ಅಂದ್ರೆ ಡಾಕ್ಟ್ರನ್ನ ಕೇಳೋಣ."

ಆತ ಮಾತ್ರೆ ನುಂಗಿದ, ಇಡಿಯದು. ಮುಖ ಹುಳ್ಳಗೆ ಮಾಡಿಕೊಂಡ. "ಅಗ್ಗದ ರುಚಿ," ಎಂದ.

ಮೊದಲ ಶನಿವಾರ ಸ್ವಲ್ಪ ಇಳಿದಿತ್ತು, ಎರಡನೆಯ ಶನಿವಾರ ಇನ್ನಷ್ಟು. ಮೂರನೆಯ ಶನಿವಾರ ಔಷಧಿ ಮೇಡಮ್ ಬರೆದುಕೊಟ್ಟ ಚೀಟಿಯನ್ನು ಆತ ಡಿಪೋ ಆಫೀಸಿನ ಗೋಡೆಗೆ ಅಂಟಿಸಿ ಬಂದನಂತೆ. ನಡುವೆ ಕಂಡಕ್ಟರ್ ಒಬ್ಬನ ತಾಯಿಯನ್ನು ಲಾಂಡ್ರಿ ಕೋಣೆ ದಾಟಿಸಿ ತಾನೇ ಅಲ್ಲಿಗೆ ಕರೆದುಕೊಂಡು ಹೋದ. "ಸಣ್ಣಕ್ಷರ ಓದಿ ಅಮ್ಮಾ, ಸಣ್ಣಕ್ಷರ!" ಎಂದು ಹುಟ್ಟಿನಿಂದಲೇ ಅದನ್ನು ಬಲ್ಲವನ ಹಾಗೆ ಉಪದೇಶ ಬೇರೆ. ಹೆಂಡತಿಯ ಹೆಸರು ಮಾತ್ರ ಎತ್ತಲಿಲ್ಲ. ಗಂಡಸರ ಈ ಕಾಯಿಲೆಗೆ ಅಗ್ಗದ್ದೂ ಇಲ್ಲ, ದುಬಾರಿಯದೂ ಇಲ್ಲ, ಮದ್ದೇ ಇಲ್ಲ.

ಪರೀಕ್ಷೆಯ ದಿನ ಆಕೆಗೆ ರಜೆ ಸಿಗಲಿಲ್ಲ. ಮೆಷಿನ್ನಿನ ಮುಂದೆ ಕೂತು ಎರಡು ಕಾಲರಿಗೆ ಲೇಬಲನ್ನು ತಲೆಕೆಳಗಾಗಿ ಹೊಲಿದಳು. ಹತ್ತೊಂಬತ್ತು ವರ್ಷದಲ್ಲಿ ಅದೇ ಮೊದಲು. ಸೂಪರ್‌ವೈಸರ್ ಎತ್ತಿ ತೋರಿಸಿದರೆ, "ಅಂಗಿ ನೆಟ್ಟಗಿದೆ ಅಲ್ವಾ, ಹಾಕ್ಕೊಳ್ಳೋಕೆ ಅಷ್ಟು ಸಾಕು," ಎಂದು ಬಿಚ್ಚಿ ಮತ್ತೆ ಹೊಲಿದಳು.

ಸಂಜೆ ಗೇಟಿನ ಸ್ಟಾಪಿನಲ್ಲಿ ಹುಡುಗಿಯರ ಜೊತೆ ನಿಂತಿದ್ದಾಗ ಬಸ್ಸು ಬಂತು. ದೂರದಿಂದಲೇ ಆಕೆಗೆ ಗೊತ್ತಾಯಿತು. ಸ್ಟಾಪಿಗೆ ಬರುವ ಮೊದಲು ಒಂದು ಉದ್ದ, ಎರಡು ಗಿಡ್ಡ ಹಾರ್ನು ಹಾಕುವ ಡ್ರೈವರು ಆ ಊರಿನಲ್ಲಿ ಒಬ್ಬನೇ. ಬಾಗಿಲು ತೆರೆಯಿತು. ಸೀಟಿನಲ್ಲಿ ಗಂಡ, ಮೈಮೇಲೆ ಇಸ್ತ್ರಿಯ ಮಡಿಕೆ ಮಾಸದ ಹೊಸ ಯೂನಿಫಾರಂ.

"ಹತ್ತಮ್ಮಾ ಬೇಗ, ದಾರೀಲಿ ನಿಲ್ಲಬೇಡ," ಎಂದ ಗಂಭೀರವಾಗಿ, ಯಾರೋ ಪ್ಯಾಸೆಂಜರಿಗೆ ಹೇಳಿದ ಹಾಗೆ. ಹುಡುಗಿಯರು ಕಿಸಕ್ಕೆಂದರು. ಆಕೆ ಹತ್ತಿ, ಟಿಕೆಟ್ ತೆಗೆದುಕೊಂಡು, ಡ್ರೈವರ್ ಹಿಂದಿನ ಸೀಟಿನಲ್ಲಿ ಕೂತಳು. ಮನೆಯ ಸ್ಟಾಪು ಬಂದರೂ ಇಳಿಯಲಿಲ್ಲ.

ಕೊನೆಯ ಸ್ಟಾಪಿನಲ್ಲಿ ಬಸ್ಸು ಖಾಲಿಯಾಯಿತು. ಎಂಜಿನ್ ನಿಲ್ಲಿಸಿ ಆತ ಕತ್ತಿನ ಹಿಂದೆ ಕೈ ಹಾಕಿ ಪರಪರ ಕೆರೆದುಕೊಂಡ.

"ಪಾಸಾದ ಕೂಡಲೇ ಹೊಸ ಅಂಗಿ ಕೊಟ್ರು. ಅಲ್ಲಿಂದ ಜೀವ ತಿಂತಿದೆ ಕಣೇ. ಸ್ಟೇರಿಂಗ್ ಬಿಟ್ಟು ಕೆರ್ಕೊಳ್ಳೋ ಹಾಗೂ ಇಲ್ಲ."

"ಸುಮ್ನೆ ಕೂತ್ಕೊಳ್ಳಿ, ಅಲ್ಲಾಡಬೇಡಿ."

ಕೈಚೀಲದಿಂದ ಬ್ಲೇಡು ಹೊರಬಂತು. ಕಾಲರ್ ಮಡಚಿ, ಒಂದೊಂದೇ ಹೊಲಿಗೆ ಬಿಡಿಸಿ, ಪಟ್ಟಿಯನ್ನು ಕಿತ್ತಳು. ಆತ ಕತ್ತು ಆಚೆ ಈಚೆ ತಿರುಗಿಸಿ ನೋಡಿ, "ಹಾ!" ಎಂದ. ಆಮೇಲೆ ಏನೋ ನೆನಪಾದವನ ಹಾಗೆ ಕೇಳಿದ:

"ಯಾವ ಕಂಪನೀದು ಅದು?"

"ನೋಡಲಿಲ್ಲ," ಎಂದು ಲೇಬಲಕ್ಕ ಕಿಟಕಿಯಿಂದ ಹೊರಗೆ ಎಸೆದಳು.